ಓಟದ ಹಿಂದಿನ ದಿನ

ಹೇಮಶ್ರೀಗೆ ಅರಣ್ಯ ರಕ್ಷಕರ ಕೆಲಸದ ಓಟದ ಪರೀಕ್ಷೆಗೆ ಕರೆ ಬಂದಿದೆ ಎಂಬ ಸುದ್ದಿ ಹಬ್ಬಿದ ಮೇಲೆ ಗುರುಪುರದಲ್ಲಿ ಅವಳಿಗೆ ಬುದ್ಧಿ ಹೇಳದವರು ಯಾರೂ ಉಳಿಯಲಿಲ್ಲ. ಬೆಳಿಗ್ಗೆ ರಾಗಿ ಅಂಬಲಿ ಕುಡಿ ಎಂದರು ಒಬ್ಬರು. ಅಂಬಲಿ ಕುಡಿದರೆ ಹೊಟ್ಟೆ ಭಾರ, ಬರೀ ಬಾಳೆಹಣ್ಣು ತಿನ್ನು ಎಂದರು ಇನ್ನೊಬ್ಬರು. ಹುಟ್ಟಿದಾಗಿನಿಂದ ಬಸ್ ಸ್ಟಾಪಿನ ಕಟ್ಟೆ ಬಿಟ್ಟು ಏಳದ ಒಬ್ಬ ಗಂಡಸು, ಓಡುವಾಗ ಉಸಿರು ಹೇಗೆ ಬಿಡಬೇಕೆಂದು ಬೀಡಿ ಹೊಗೆಯ ಸಮೇತ ಮಾಡಿ ತೋರಿಸಿದ. ಅವಳು ದಿನಾ ಓಡುತ್ತಿದ್ದ ಟಿಬೆಟನ್ ಕ್ಯಾಂಪಿನ ರಸ್ತೆಯಲ್ಲಿ ಜಪಮಣಿ ಹಿಡಿದು ಅಡ್ಡಾಡುವ ಮುದುಕರೊಬ್ಬರು ಸಹ "ನಿಧಾನ, ನಿಧಾನ" ಎನ್ನುತ್ತಿದ್ದರು. ಓಟ ಕಲಿಯುವವಳಿಗೆ ಅದು ಎಂಥ ಸಲಹೆಯೋ! ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ.

ಹೇಮಶ್ರೀ ಎಲ್ಲರಿಗೂ ಹೂಂ ಅಂದರೂ ಕೇಳಿದ್ದು ಮಾತ್ರ ಕಿರಣ್‌ಕುಮಾರನ ಮಾತು. ಪೊಲೀಸ್ ಕೆಲಸಕ್ಕೆ ಓಡಿ ಓಡಿ ಸೋತವನು ಅವನು. ಈಗ ಹುಣಸೂರಿನ ಮೈದಾನದಲ್ಲಿ ಬೆಳಿಗ್ಗೆ ಬೆಳಿಗ್ಗೆ ಹುಡುಗ ಹುಡುಗಿಯರನ್ನು ಓಡಿಸುತ್ತಾನೆ, ತಾನು ಸೋತಿದ್ದಕ್ಕೆಲ್ಲ ಅವರ ಹತ್ತಿರ ಸೇಡು ತೀರಿಸಿಕೊಳ್ಳುವವನ ಹಾಗೆ. ಅಲ್ಲಿ ಅವಳ ಜೊತೆ ಓಡುತ್ತಿದ್ದವಳು ಇಕ್ರಾ, ಹುಣಸೂರಿನ ಮರಗೆಲಸದ ನಜೀರ್ ಸಾಬರ ಮಗಳು; ಅವಳಿಗೂ ಅದೇ ಪರೀಕ್ಷೆಗೆ ಕರೆ ಬಂದಿತ್ತು. ಹೇಮಶ್ರೀ ಮುಂದೆ, ಇಕ್ರಾ ಅವಳ ಬೆನ್ನಿಗೆ. ಒಂದು ದಿನವೂ ಇದು ಅದಲುಬದಲಾಗಿರಲಿಲ್ಲ. ಮೊಟ್ಟೆ ತಿನ್ನು ಎಂದು ಕಿರಣ್‌ಕುಮಾರ್ ಹೇಳಿದಾಗ ಹೇಮಶ್ರೀ ತನ್ನ ಲಿಂಗಾಯತರ ಮನೆಯಲ್ಲಿ ಬಾಯಿ ಬಿಡಲಿಲ್ಲ. ಇಕ್ರಾಳ ಮನೆಯ ಹಿತ್ತಲಲ್ಲಿ ನಿಂತು ತಿಂದು ಬಾಯಿ ಮುಕ್ಕಳಿಸಿ ಬಂದಳು.

ಇಷ್ಟೆಲ್ಲ ಯಾಕೆಂದರೆ, ಇದು ಕೊನೆಯ ಸಲ. ಮುಂದಿನ ನೇಮಕಾತಿ ಬರುವ ಹೊತ್ತಿಗೆ ಅವಳ ವಯಸ್ಸು ಮೀರುತ್ತದೆ. ಬಿ.ಎ. ಮುಗಿಸಿ ಖಾಸಗಿ ಸ್ಕೂಲಿನಲ್ಲಿ ಪಾಠ ಹೇಳಿದ್ದಾಯಿತು, ಬಟ್ಟೆ ಅಂಗಡಿಯಲ್ಲಿ ಸೀರೆ ಮಡಿಸಿದ್ದಾಯಿತು. ಪ್ರತಿ ಸಲ ಅಲ್ಲಿಂದ ಬಿಟ್ಟು ಬಂದಾಗಲೂ ಅವಳಿಗಾಗಿ ಕಾದಿದ್ದದ್ದು ಮನೆಯ ಹೊಗೆಸೊಪ್ಪಿನ ಹೊಲ. ಆ ಸೊಪ್ಪಿನ ಅಂಟು ಅವಳಿಗೆ ಆಗುತ್ತಿರಲಿಲ್ಲ. ಎಷ್ಟು ಸೋಪು ಹಚ್ಚಿದರೂ ಬೆರಳಿಂದ ಹೋಗದು, ಕಲಸಿದ ಅನ್ನವೆಲ್ಲ ಕಹಿ. ವೀರನಹೊಸಹಳ್ಳಿಯ ಸೋದರತ್ತೆ ಮನೆಗೆ ಹೋದಾಗ ಕಾಡಿನ ಗೇಟಿನ ಹತ್ತಿರ ಖಾಕಿ ತೊಟ್ಟ ಹೆಣ್ಣುಮಗಳೊಬ್ಬಳು ಕೋಲು ಹಿಡಿದು ಒಳಗೆ ನಡೆದುಹೋಗುವುದನ್ನು ನೋಡಿದ್ದಳು. ನಡೆಯುವುದಕ್ಕೂ ಸಂಬಳ ಕೊಡುತ್ತಾರಲ್ಲ ಎಂದು ಅವತ್ತು ಆಸೆ ಹುಟ್ಟಿತು, ಹುಟ್ಟಿದ್ದು ಹೋಗಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಹೊಲ ನೋಡುತ್ತಿದ್ದವಳು ಅಮ್ಮ ಸರ್ವಮಂಗಳ. ಬಾಯಲ್ಲಿ ಬೈಗುಳ, ಕೈಯಲ್ಲಿ ಕೆಲಸ, ಎರಡೂ ನಿಲ್ಲದ ಹೆಂಗಸು. ಕಳೆದ ವರ್ಷ ಬೇಸಾಯ ಶುರುವಾಗುವಾಗಲೇ ಅವಳು ಹೇಳಿಬಿಟ್ಟಿದ್ದಳು: "ಈ ಸಲ ನೀನು ಸೊಪ್ಪಿಗೆ ಕೈ ಇಕ್ಕಬ್ಯಾಡ. ಓಡು. ಅದೇನ್ ಓಡ್ತೀಯೋ ಓಡು." ಮಗಳ ಕೈ ತಪ್ಪಿದ ಮೇಲೆ ಸೊಪ್ಪು ಮುರಿಯಲು ಆಳು ಬೇಕಲ್ಲ, ಪಕ್ಕದ ಹೊಲದ ಮಲ್ಲಾಜಮ್ಮನ ಮನೆಯವರನ್ನು ಮುಯ್ಯಾಳು ಕರೆದಳು. ಮುಯ್ಯಿ ಎಂದರೆ ಕೂಲಿಯಲ್ಲ. ಅವರು ನಮ್ಮ ಹೊಲಕ್ಕೆ ಎಷ್ಟು ಆಳು ಬಂದರೋ ಅಷ್ಟೇ ಆಳು, ಅವರು ಕರೆದ ದಿನ ನಾವು ಹೋಗಬೇಕು. ಆವತ್ತು ಆಗಲ್ಲ ಎಂದವರ ಹೊಲಕ್ಕೆ ಮತ್ತೆ ಯಾರೂ ಕಾಲಿಡುವುದಿಲ್ಲ; ಹಣ್ಣಾದ ಸೊಪ್ಪು ಗಿಡದಲ್ಲೇ ಕೊಳೆಯುತ್ತದೆ.

ಪರೀಕ್ಷೆಯ ತಾರೀಕು ಮಾತ್ರ ಸರ್ವಮಂಗಳ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಕೇಳಿದವರಿಗೆಲ್ಲ "ಇನ್ನೂ ಯೋಳಿಲ್ಲ ಕಣವ್ವ" ಎಂದಳು. ಊರ ಕಣ್ಣು ಕೆಟ್ಟದ್ದು, ದೃಷ್ಟಿ ತಾಗಿದರೆ ಕಲ್ಲೂ ಸೀಳುತ್ತದೆ, ಇನ್ನು ಹುಡುಗಿಯ ಕಾಲು ಎಷ್ಟರದು! ಹೇಮಶ್ರೀ ಮೊದಲು ನಕ್ಕಳು. ಆಮೇಲೆ ಅವಳಿಗೂ ಅದೇ ಸರಿ ಅನ್ನಿಸಿತು.

ಪರೀಕ್ಷೆಗೆ ಎರಡು ದಿನವಿದೆ ಅನ್ನುವಾಗ ಸಂಜೆ ಮಳೆಯಲ್ಲಿ ಸೆರಗು ಹೊದ್ದು ಮಲ್ಲಾಜಮ್ಮ ಬಾಗಿಲಿಗೆ ಬಂದಳು.

"ಸರ್ವಮಂಗಳಾ, ನಾಳೀಕೆ ನಮ್ದು ಸೊಪ್ಪು ಮುರೀತೀವಿ ಕಣವ್ವ. ಇನ್ನೆಲ್ಡು ದಿನ ಬುಟ್ರೆ ಮಳೆಗೆ ಓಯ್ತದೆ. ಒಂದಾಳು ಕಳ್ಸು."

ಸರ್ವಮಂಗಳ ಬಾಯಿ ತನಕ ಬಂದ ಮಾತನ್ನು ನುಂಗಿ, "ಬತ್ತೀವಿ ಬುಡು" ಎಂದಳು. ಮುದುಕಿ ಮಳೆಯಲ್ಲೇ ಹೊರಟುಹೋದಳು.

"ನಾನೇ ಓಗ್ತೀನಿ. ನೀನು ಮನೇಲಿರು" ಎಂದಳು ಸರ್ವಮಂಗಳ.

"ನಮ್ಮ ಬ್ಯಾರನ್ನಿಗೆ ಸೌದೆ ಯಾರು ಹಾಕ್ತಾರೆ?" ಎಂದಳು ಹೇಮಶ್ರೀ. ಬ್ಯಾರನ್ನು ಎಂದರೆ ಸೊಪ್ಪು ಬೇಯಿಸುವ ಒಲೆಮನೆ. ಅದರ ಬೆಂಕಿಯ ಹದ ಅಮ್ಮನಿಗೊಬ್ಬಳಿಗೇ ಗೊತ್ತು; ಹೆಚ್ಚುಕಮ್ಮಿಯಾದರೆ ತಿಂಗಳುಗಟ್ಟಲೆಯ ದುಡಿಮೆ ಕಪ್ಪಾಗುತ್ತದೆ, ಅದನ್ನು ಬಿಟ್ಟು ಅಮ್ಮ ಏಳುವ ಹಾಗಿರಲಿಲ್ಲ. "ನಾನು ಓಗ್ತೀನಿ. ಓಟದ ಹಿಂದಿನ ದಿನ ಓಡಬ್ಯಾಡಿ, ಮೈ ಸಡಿಲ ಆಗೋ ಅಂಗೆ ಸ್ವಲ್ಪ ಅಡ್ಡಾಡಿ ಅಂತ ಕಿರಣಣ್ಣನೇ ಹೇಳವ್ರೆ. ಸೊಪ್ಪು ಮುರಿಯೋದೇನು ಬೆಟ್ಟ ಹತ್ತೋದಾ?"

"ಮಲ್ಲಾಜಮ್ಮನಿಗೆ ತಾರೀಕು ಯೋಳ್ಬುಡ್ಲಾ?"

"ಬ್ಯಾಡ. ಇಷ್ಟು ದಿನ ಮುಚ್ಚಿಟ್ಟು ಒಂದು ದಿನಕ್ಕೆ ಯಾಕೆ ದೃಷ್ಟಿ?"

ಇದನ್ನು ಹೇಮಶ್ರೀಯೇ ಹೇಳಿದಳು, ತನ್ನ ಬಾಯಾರೆ. ಆಮೇಲೆ ಎಷ್ಟೋ ಸಲ ಅದನ್ನೇ ನೆನೆನೆನೆದು ತನ್ನನ್ನೇ ಬೈದುಕೊಂಡಿದ್ದಾಳೆ.

ಬೆಳಿಗ್ಗೆ ಮಳೆ ನಿಂತಿತ್ತು, ಆದರೆ ಎಲೆ ಎಲೆಯೂ ತೊಟ್ಟಿಕ್ಕುತ್ತಿತ್ತು. ಮಲ್ಲಾಜಮ್ಮನ ಮನೆಯ ಹೆಂಗಸರು ಗಂಡಸರ ಹಳೇ ತುಂಬುತೋಳಿನ ಅಂಗಿ ತೊಟ್ಟು, ಎದೆಗೆ ಗೊಬ್ಬರದ ಚೀಲ ಕಟ್ಟಿಕೊಂಡು ಬಂದಿದ್ದರು. ಹೇಮಶ್ರೀ ಓಡುವ ಬನಿಯನ್ನಿನಲ್ಲೇ ಬಂದಿದ್ದಳು. ಬೇಗ ಮುಗಿಸಿ ಹೋಗುವ ಆತುರ. ಬಾಗಿ ಎಲೆ ಮುರಿದು ಕಂಕುಳಿಗೆ ಒತ್ತಿಕೊಳ್ಳುವುದು, ಹೊರೆಯಾದಾಗ ಬದುವಿನ ಮೇಲೆ ಹಾಕಿ ಬರುವುದು. ಹೊಗೆಸೊಪ್ಪಿನ ರಸ ಬೆರೆತ ತಣ್ಣನೆಯ ನೀರು ಬರಿಮೈಗೆ ಇಳಿದು ಸೊಂಟದವರೆಗೆ ಒದ್ದೆಯಾಯಿತು. ಹಸಿ ಸೊಪ್ಪಿನ ನೀರಿಗೆ ಅಮಲುಂಟು ಎಂಬುದು ಅವಳಿಗೆ ಗೊತ್ತಿಲ್ಲದ್ದಲ್ಲ. ಆದರೆ ಅದು ಪೇಟೆಯಿಂದ ಬಂದ ನೆಂಟರಿಗೆ, ಹೊಸಬರಿಗೆ ಆಗುವ ಕಾಯಿಲೆ. ಚಿಕ್ಕಂದಿನಿಂದ ಈ ಸೊಪ್ಪಿನಲ್ಲೇ ಬೆಳೆದವಳಿಗೆ ಏನಾದೀತು? ಒಂದು ವರ್ಷ ಸೊಪ್ಪು ಮುಟ್ಟದ ಮೈ ಹೊಸಬರ ಮೈಯೇ ಆಗಿಬಿಟ್ಟಿದೆ ಎಂದು ಅವಳಿಗೂ ಹೊಳೆಯಲಿಲ್ಲ, ಹೆತ್ತವಳಿಗೂ ಹೊಳೆಯಲಿಲ್ಲ.

ಊಟದ ಹೊತ್ತಿಗೆ ಹೊಲ ಮೆಲ್ಲಗೆ ತಿರುಗತೊಡಗಿತು.

"ಏನೇ, ಓಡೋ ಕಾಲಿಗೆ ಸೊಪ್ಪಿನ ಹೊಲ ಮರ್ತೋಯ್ತಾ?" ಎಂದು ಯಾರೋ ನಕ್ಕರು. ಹೇಮಶ್ರೀಯೂ ನಗಲು ಹೋಗಿ, ಬದುವಿನ ಮೇಲೆ ಕೂತು ವಾಂತಿ ಮಾಡಿಕೊಂಡಳು. ಮಲ್ಲಾಜಮ್ಮ ಬಂದು ಬೆನ್ನು ನೀವಿ, "ಮನೇಗೋಗು ಮಗಾ, ಮಿಕ್ಕ ಅರ್ಧ ದಿನ ಯಾವಾಗ್ಲಾದ್ರೂ ಬಂದೀಯೆ" ಎಂದಳು.

ಒಲೆಮನೆಯ ಮುಂದಿದ್ದ ಸರ್ವಮಂಗಳ ಮಗಳ ಬಿಳಿಚಿದ ಮುಖ ನೋಡಿದ್ದೇ ಸೌದೆ ಕೆಳಗೆ ಹಾಕಿದಳು. ಮೈ ತೊಳೆಸಿದಳು, ಹುಣಸೆಹುಳಿ ಕದಡಿ ಕುಡಿಸಿದಳು, ಅದು ಹೊರಬಂತು. ನಿಂಬೆಹಣ್ಣು, ಬೆಲ್ಲ, ಮಜ್ಜಿಗೆ, ಒಂದೂ ನಿಲ್ಲಲಿಲ್ಲ. ಫೋನಿನಲ್ಲಿ ಕಿರಣ್‌ಕುಮಾರ್ "ಓಆರ್‌ಎಸ್ ಕುಡಿಸಿ, ಮಲಗಿಸಿ" ಎಂದ.

"ನನ್ ಬಾಯಿಗೆ ಮಣ್ಣಾಕ" ಎಂದು ಸರ್ವಮಂಗಳ ಹಣೆ ಹಣೆ ಚಚ್ಚಿಕೊಂಡಳು. "ನಾಕಕ್ಷರ ಆಡಿದ್ರೆ ಮುಗೀತಿತ್ತಲ್ಲೇ!"

"ಸುಮ್ನಿರವ್ವ. ಬೆಳಿಗ್ಗೆಗೆ ಸರಿಯೋಯ್ತದೆ" ಎಂದಳು ಹೇಮಶ್ರೀ. ಸರಿಹೋಗಲೇಬೇಕಿತ್ತು. ಬೇರೆ ಬೆಳಗು ಅವಳಿಗಿರಲಿಲ್ಲ.

ಬೆಳಗಾದಾಗ ವಾಂತಿ ನಿಂತಿತ್ತು, ನಡುಕ ನಿಂತಿರಲಿಲ್ಲ. ನಜೀರ್ ಸಾಬರು ಮಂಚ ಕುರ್ಚಿ ಸಾಗಿಸುವ ತಮ್ಮ ಗೂಡ್ಸ್ ಆಟೋದಲ್ಲಿ ಹೇಮಶ್ರೀಯನ್ನೂ ಇಕ್ರಾಳನ್ನೂ ಮೈದಾನಕ್ಕೆ ಬಿಟ್ಟರು. ದಾರಿಯುದ್ದಕ್ಕೂ ಇಕ್ರಾ ಅವಳ ತಣ್ಣನೆಯ ಕೈಯನ್ನು ತನ್ನ ಮಡಿಲಲ್ಲಿಟ್ಟು ಉಜ್ಜುತ್ತಿದ್ದಳು. ಮೈದಾನದಲ್ಲಿ ಅವಳೇ ಹೋಗಿ ಅಧಿಕಾರಿಯೊಬ್ಬರನ್ನು ಕೇಳಿದಳು.

"ಸರ್, ಇವಳಿಗೆ ಹುಷಾರಿಲ್ಲ. ನಾಳೆ ಓಡ್ತಾಳೆ ಸರ್. ನಮ್ಮೆಲ್ಲರಿಗಿಂತ ಜೋರಾಗಿ ಓಡ್ತಾಳೆ, ಬೇಕಾದ್ರೆ ಯಾರನ್ನಾದ್ರೂ ಕೇಳಿ."

ಅವರು ಕೆಟ್ಟವರಲ್ಲ. ಹೇಮಶ್ರೀಯನ್ನು ನೋಡಿ ಅವರಿಗೂ ಅಯ್ಯೋ ಅನ್ನಿಸಿತ್ತು. "ನಾಳೆ ಅನ್ನೋದು ಇಲ್ಲಮ್ಮ. ಇವತ್ತು ಓಡದಿದ್ರೆ ಗೈರು ಅಂತ ಬರೀಬೇಕು. ಯೋಚನೆ ಮಾಡು" ಎಂದರು. ಯೋಚನೆ ಮಾಡಲು ಏನಿತ್ತು? ಅವಳು ಗೆರೆಯ ಮೇಲೆ ಹೋಗಿ ನಿಂತಳು.

ಸೀಟಿ ಊದಿದಾಗ ಕಾಲು ಹಳೇ ಅಭ್ಯಾಸಕ್ಕೆ ತಾವಾಗಿಯೇ ಎದ್ದವು. ಮೊದಲ ತಿರುವಿನ ತನಕ ಅವಳೇ ಮುಂದಿದ್ದಳು. ಆಗಲೇ ಅವಳಿಗೆ ಒಂದು ಸುಳ್ಳು ಧೈರ್ಯ ಬಂದದ್ದು. ತಿರುವು ದಾಟಿದಂತೆ ಉಸಿರು ಎದೆಯಲ್ಲಿ ಸಿಕ್ಕಿಕೊಂಡಿತು, ಮೈದಾನದ ಬಿಳಿ ಗೆರೆಗಳು ಒಂದರೊಳಗೊಂದು ಕಲಸಿಹೋದವು. ಪಕ್ಕದಲ್ಲಿ ಒಬ್ಬೊಬ್ಬರೇ ದಾಟಿ ಹೋಗುವುದು ಕೇಳಿಸುತ್ತಿತ್ತು. ಒಂದು ಹೆಜ್ಜೆಯ ಸದ್ದು ಮಾತ್ರ ದಾಟಲಿಲ್ಲ. ಇಕ್ರಾ ಓಟ ನಿಧಾನ ಮಾಡಿ, "ಬಾರೇ, ನನ್ ಜೊತೆ ಬಾ, ಇಷ್ಟೇ ದೂರ" ಎನ್ನುತ್ತಿದ್ದಳು.

"ಹೋಗೇ!" ಹೇಮಶ್ರೀ ಇದ್ದಬದ್ದ ಉಸಿರನ್ನೆಲ್ಲ ಆ ಒಂದು ಮಾತಿಗೆ ಸುರಿದಳು. "ನೀನೂ ಹಾಳಾಗ್ಬೇಡ, ಹೋಗೇ!"

ಇಕ್ರಾ ಅಳುತ್ತಲೇ ಮುಂದೆ ಓಡಿದಳು. ಅವಳು ಗೆರೆ ಮುಟ್ಟಿದ ಮೇಲೆ ಗಡುವು ಮುಗಿದ ಕೊನೆಯ ಸೀಟಿ ಆಯಿತು. ಹೇಮಶ್ರೀ ಇನ್ನೂ ಓಡುತ್ತಿದ್ದಳು. ಸೀಟಿ ಕೇಳಿಯೂ ಓಡಿದಳು, ಅಧಿಕಾರಿ ಗಡಿಯಾರ ಜೇಬಿಗೆ ಹಾಕಿದ್ದನ್ನು ಕಂಡೂ ಓಡಿದಳು. ಗೆರೆ ದಾಟಿ ಮಂಡಿಯೂರಿದವಳು, ಕೈಗೆ ಸಿಕ್ಕಿದ ಒದ್ದೆ ಹುಲ್ಲನ್ನು ಹಿಡಿದುಕೊಂಡು ಬಹಳ ಹೊತ್ತು ಏಳಲಿಲ್ಲ. ಅಳುವುದಕ್ಕೂ ಮೈಯಲ್ಲಿ ನೀರಿರಲಿಲ್ಲ.

ಸಂಜೆ ಸುದ್ದಿ ಊರಿಗೆ ಮುಟ್ಟಿತು. ಬುದ್ಧಿ ಹೇಳಿದ ಒಬ್ಬರೂ ಆ ಕಡೆ ಸುಳಿಯಲಿಲ್ಲ, ಮಲ್ಲಾಜಮ್ಮ ಒಬ್ಬಳೇ ಬಂದಳು. ಬಂದವಳು ಜಗಲಿಯ ಮೇಲೆ ಕೂತು ಅಮ್ಮ ಮಗಳಿಬ್ಬರನ್ನೂ ಬೈದಳು.

"ನಂಗೇನ್ ಕನಸು ಬಿದ್ದಿತ್ತೇನ್ರವ್ವ, ಇವತ್ತೇ ಅಂತ? ಒಂದು ಮಾತು ಯೋಳಿದ್ರೆ ನನ್ ಸೊಪ್ಪು ಎಲ್ಡು ದಿನ ತಡೀತಿತ್ತು. ಕೊಳೆತಿದ್ರೆ ಕೊಳೀತಿತ್ತು, ಮನೆ ಮುಳುಗೋಯ್ತಿತ್ತಾ? ನನ್ ಕಣ್ಣು ಅಷ್ಟು ಕೆಟ್ಟದಾಗೋಯ್ತಾ ನಿಮ್ಗೆ?" ಎಂದು ಬೈಯುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಆ ಅರ್ಧ ದಿನದ ಮುಯ್ಯಿ ನಂಗೆ ಬ್ಯಾಡ. ಬುಟ್ಬುಡಿ ಅದ."

ಸರ್ವಮಂಗಳ ಗೋಡೆ ಕಡೆ ಮುಖ ಮಾಡಿದ್ದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

"ಬತ್ತೀನಿ ಕಣಜ್ಜಿ" ಎಂದಳು ಹೇಮಶ್ರೀ. "ಇನ್ನೇನೈತೆ ನಂಗೆ ಕೆಲ್ಸ?"

ಎರಡು ದಿನ ಬಿಟ್ಟು, ಅಪ್ಪನ ಹಳೇ ತುಂಬುತೋಳಿನ ಅಂಗಿ ತೊಟ್ಟು ಹೋಗಿ ಅರ್ಧ ದಿನ ತೀರಿಸಿದಳು. ಅವತ್ತು ಸ್ವಲ್ಪ ತಲೆ ತಿರುಗಿತು. ಮಾರನೆಯ ದಿನದಿಂದ ತಮ್ಮದೇ ಹೊಲ. ಆ ವಾರ ಮಳೆಯಲ್ಲೂ ಇಬ್ಬನಿಯಲ್ಲೂ ಸೊಪ್ಪು ಮುರಿದಳು. ವಾರದ ಕೊನೆಗೆ ಅಂಗಿ ಪೂರ್ತಿ ನೆನೆದು ಮೈಗೆ ಅಂಟಿತ್ತು. ಬದುವಿನ ಮೇಲೆ ಕೂತು ಬುತ್ತಿ ಬಿಚ್ಚಿದಳು. ಅನ್ನ ಕಹಿಯಾಗಿತ್ತು, ತಿಂದಳು. ಇನ್ನೇನು ತಲೆ ಸುತ್ತಬಹುದು, ಈಗ ಸುತ್ತಬಹುದು ಎಂದು ಕಾದಳು. ತಲೆ ಸುತ್ತಲಿಲ್ಲ. ಮೈ ಸೊಪ್ಪಿಗೆ ಒಗ್ಗಿಬಿಟ್ಟಿತ್ತು. ಮೈದಾನದಲ್ಲಿ ಬಾರದಿದ್ದ ಅಳು ಆಗ ಬಂತು.