ಮೂರನೆಯ ಪದ

“ಮೊದಲಿನ ಎರಡು ಪದಕ್ಕೆ ಮಗಳೇ ಅರ್ಥ ಹೇಳಿದ್ಲು ಅಕ್ಕ. ಕಷ್ಟಪಟ್ಟು ದುಡಿಯೋಳು, ಹೊತ್ತಿಗೆ ಸರಿಯಾಗಿ ಬರೋಳು. ಮೂರನೇದು ಅವಳ ಪುಸ್ತಕದಲ್ಲಿ ಇನ್ನೂ ಬಂದಿಲ್ವಂತೆ. ಮೊಬೈಲಲ್ಲಿ ನೋಡ್ತೀನಿ ಅಂದ್ಲು. ಅಕ್ಕ ಇರುವಾಗ ಮೊಬೈಲ್ ಯಾಕೆ ಅಂತ ನಾನೇ ಬೇಡ ಅಂದೆ.”

ಆಯಾ ಪತ್ರವನ್ನು ಔಷಧಿ ಟ್ರೇಯ ಪಕ್ಕ ಬಿಡಿಸಿಟ್ಟು ಆ ಪದದ ಕೆಳಗೆ ಬೆರಳಿಟ್ಟಳು. ಫಿನೈಲಿನಲ್ಲಿ ನೆನೆದು ನೆನೆದು ಬಿಳಿಚಿಕೊಂಡ ಬೆರಳು. ವಾರ್ಡಿನ ಹಿರಿಯ ನರ್ಸ್ ದೊಡ್ಡ ಸಿಸ್ಟರ್‌ಗೆ ಅದನ್ನು ಓದಬೇಕಾಗಿರಲಿಲ್ಲ. ಎರಡು ತಿಂಗಳ ಹಿಂದೆ ಆಯಾಳ ಗೋಪ್ಯ ವರದಿಯ ಚೌಕದೊಳಗೆ ಆ ಮೂರು ಪದಗಳನ್ನು ಬರೆದವರು ಅವರೇ. ಕೊನೆಯದು, ಇನ್ಸೊಲೆಂಟ್.

ಹತ್ತು ವರ್ಷದಿಂದ ಗುತ್ತಿಗೆಯ ಮೇಲಿದ್ದ ಆಯಾಳ ಕೆಲಸ ಕಾಯಂ ಆಗುವುದು ಬಿಡುವುದು ಆ ವರದಿಯ ಮೇಲೆ ನಿಂತಿತ್ತು. ಸೋಮವಾರ ಹನ್ನೊಂದು ಗಂಟೆಗೆ ಆಡಳಿತಾಧಿಕಾರಿಯ ಮುಂದೆ ಬಂದು, ವರದಿಯ ಬಗ್ಗೆ ಹೇಳುವುದೇನಾದರೂ ಇದ್ದರೆ ಹೇಳಬೇಕು. ಆ ಮೂರು ಪದ ಬಿಟ್ಟರೆ ಪತ್ರದಲ್ಲಿದ್ದದ್ದು ಇಷ್ಟೇ. ವರದಿ ಬರೆದವರ ಹೆಸರಿರಲಿಲ್ಲ.

“ಅಂದ್ರೆ, ನೇರ ಮಾತಿನವಳು ಅಂತ,” ಎಂದರು ದೊಡ್ಡ ಸಿಸ್ಟರ್. ಸುಳ್ಳು ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವರಿಗೇ ಗಾಬರಿಯಾಯಿತು.

ಆಯಾಳ ಮುಖ ಅರಳಿತು. “ಅದು ನಿಜ ಬಿಡಿ. ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ರಂತೆ. ಇಲ್ಲಿ ಯಾರೋ ಪುಣ್ಯಾತ್ಮರು ಒದೆಯೋ ಬದಲು ಹೊಗಳಿ ಬರೆದಿದ್ದಾರೆ ನೋಡಿ.”

ವಾರ್ಡಿನವರೆಲ್ಲ ಅವಳನ್ನು ರೇಡಿಯೋ ಎಂದು ಕರೆಯುತ್ತಿದ್ದರು. ಬೆಳಿಗ್ಗೆ ನೆಲ ಒರೆಸುವಾಗ ಹಚ್ಚಿದ ಬಾಯಿ ಶಿಫ್ಟು ಮುಗಿಯುವವರೆಗೂ ಆರುತ್ತಿರಲಿಲ್ಲ. ವರದಿ ಬರೆಯುವ ಹಿಂದಿನ ದಿನವೂ ಹಾಗೆಯೇ ಮಾತಾಡಿದ್ದಳು. ಏಳನೇ ಹಾಸಿಗೆಯ ಅಜ್ಜನಿಗೆ ಹಾಕಿದ್ದ ಡ್ರಿಪ್ ಖಾಲಿಯಾಗಿ, ನಳಿಕೆಯಲ್ಲಿ ರಕ್ತ ಮೇಲಕ್ಕೇರುತ್ತಿತ್ತು. ಅದನ್ನು ಮುಟ್ಟುವ ಹಕ್ಕು ಆಯಾಳಿಗಿಲ್ಲ. ಎರಡು ಸಲ ಬಂದು ಹೇಳಿದಳು. ದೊಡ್ಡ ಡಾಕ್ಟರು ಬರುವ ಹೊತ್ತು, ಚಾರ್ಟು ತುಂಬಿರಲಿಲ್ಲ. ದೊಡ್ಡ ಸಿಸ್ಟರ್ ತಲೆಯೆತ್ತದೆ “ಬಂದೆ” ಎಂದರು. ಮೂರನೆಯ ಸಲ ಆಯಾ ಬಂದಾಗ ಡಾಕ್ಟರು, ಅವರ ಹಿಂದೆ ಆರು ಜನ ವಿದ್ಯಾರ್ಥಿಗಳು, ಎಲ್ಲರೂ ಬಾಗಿಲಲ್ಲಿದ್ದರು.

“ಅಕ್ಕ, ಚಾರ್ಟಿಗೆ ಜೀವ ಇಲ್ಲ, ಅಜ್ಜನಿಗೆ ಇದೆ. ಮೊದಲು ಅವರನ್ನ ನೋಡಿ,” ಎಂದಿದ್ದಳು.

ಒಬ್ಬ ವಿದ್ಯಾರ್ಥಿನಿ ನಕ್ಕಳು. ಅಜ್ಜನಿಗೇನೂ ಆಗಲಿಲ್ಲ, ವಾರದಲ್ಲಿ ಮನೆಗೆ ಹೋದ. ಆದರೆ ಆ ನಗು ದೊಡ್ಡ ಸಿಸ್ಟರ್ ಜೊತೆ ಮನೆಯವರೆಗೂ ಬಂತು. ಮರುದಿನ ವರದಿಯ ಹಾಳೆ ಮೇಜಿನ ಮೇಲಿತ್ತು. ಮೊದಲಿನ ಎರಡು ಪದಗಳನ್ನು ನ್ಯಾಯವಾಗಿ ಬರೆದರು. ಮೂರನೆಯದಕ್ಕೆ ಪೆನ್ನು ತಾನಾಗಿ ಓಡಿತು.

ಶುಕ್ರವಾರ, ಶನಿವಾರ ಆ ಪದ ವಾರ್ಡಿನ ತುಂಬ ಓಡಾಡಿತು. ಲಿಫ್ಟಿನವನಿಗೆ ಆಯಾ ಬುದ್ಧಿ ಹೇಳುತ್ತಿದ್ದಳು: “ಎಲ್ಲರಿಗೂ ಹೂಂ ಹೂಂ ಅಂತ ತಲೆ ಆಡಿಸ್ತೀಯಲ್ಲ, ಸ್ವಲ್ಪ ಇನ್ಸೊಲೆಂಟ್ ಆಗಪ್ಪ.” ಮೂರನೇ ಹಾಸಿಗೆಯಲ್ಲಿದ್ದ ನಿವೃತ್ತ ಮೇಷ್ಟ್ರು ಊಟ ಸಪ್ಪೆ ಎಂದು ತಟ್ಟೆ ತಳ್ಳಿದರೆ, “ನಮ್ಮ ಮೇಷ್ಟ್ರು ನನ್ನ ಹಾಗೇ ಇನ್ಸೊಲೆಂಟ್. ಚೆನ್ನಾಗಿಲ್ಲ ಅಂದ್ರೆ ಚೆನ್ನಾಗಿಲ್ಲ,” ಎಂದು ಮೆಚ್ಚಿ ನಕ್ಕಳು.

ಜ್ವರ ನೋಡಲು ದೊಡ್ಡ ಸಿಸ್ಟರ್ ಬಂದಾಗ ಮೇಷ್ಟ್ರು ದನಿ ತಗ್ಗಿಸಿ ಕೇಳಿದರು. “ಈ ಪದಾನ ಅವಳಿಗೆ ಯಾರಮ್ಮ ಕಲಿಸಿದ್ದು?”

“ಯಾಕೆ ಸಾರ್?”

“ಯಾರೋ ಅವಳ ಕೈಗೆ ಕೆಂಡ ಕೊಟ್ಟು ಹೂವು ಅಂದಿದ್ದಾರೆ. ತಿದ್ದೋಣ ಅಂತಿದ್ದೆ, ಅಷ್ಟು ಖುಷಿಯಲ್ಲಿದ್ದಾಳೆ, ಬಾಯಿ ಬರಲಿಲ್ಲ. ನೀವೇ ಹೇಳಿ. ನಿಮ್ಮ ಮಾತು ಕೇಳ್ತಾಳೆ.”

ಥರ್ಮಾಮೀಟರನ್ನು ಬೆಳಕಿಗೆ ಹಿಡಿದರೂ ಅಂಕಿ ಕಾಣಲಿಲ್ಲ. ಇನ್ನೊಮ್ಮೆ ಇಡಬೇಕಾಯಿತು.

ಭಾನುವಾರ ಬೆಳಿಗ್ಗೆ ದೊಡ್ಡ ಸಿಸ್ಟರ್ ಮನೆಯಲ್ಲಿ ಎಂದಿನಂತೆ ಪ್ರಾರ್ಥನೆಗೆ ಕೂತರು. ಚಿಕ್ಕಂದಿನಲ್ಲಿ ತಾಯಿಯ ಬಾಯಿಂದ ಬಾಯಿಗೆ ಬಂದ ಪದ್ಯಗಳು. ಐವತ್ತು ವರ್ಷದಲ್ಲಿ ಒಮ್ಮೆಯೂ ತಡವರಿಸಿದ್ದಿಲ್ಲ. ಅಂದು ನಾಲ್ಕನೇ ಸಾಲಿಗೆ ನಾಲಿಗೆ ನಿಂತಿತು. ಮೊದಲಿನಿಂದ ಶುರುಮಾಡಿದರು. ಮತ್ತೆ ಅಲ್ಲೇ ನಿಂತಿತು. ಎದ್ದು ಹೋಗಿ ಪಾತ್ರೆ ತೊಳೆದರು.

ಸೋಮವಾರ ಆಡಳಿತ ಕಚೇರಿಯ ಹೊರಗಿನ ಬೆಂಚಿನಲ್ಲಿ ಆಯಾ ಹತ್ತೂವರೆಗೇ ಕೂತಿದ್ದಳು. ಇಸ್ತ್ರಿ ಮಾಡಿದ ಬಟ್ಟೆ ಮುದುಡಬಾರದೆಂದು ಬೆಂಚಿನ ಅಂಚಿನಲ್ಲಷ್ಟೇ ಕೂತಿದ್ದಳು. ದೊಡ್ಡ ಸಿಸ್ಟರನ್ನು ನೋಡಿ ಸರಿದು ಜಾಗ ಮಾಡಿಕೊಟ್ಟಳು.

“ನನಗೋಸ್ಕರ ರೌಂಡ್ಸ್ ಬಿಟ್ಟು ಬಂದ್ರಾ ಅಕ್ಕ? ಭಯ ಏನಿಲ್ಲ, ಉತ್ತರ ಸಿದ್ಧ ಮಾಡ್ಕೊಂಡಿದೀನಿ. ಹೌದು ಸಾರ್, ನಾನು ಹುಟ್ಟಿದಾಗಿಂದ್ಲೂ ಇನ್ಸೊಲೆಂಟ್, ನಮ್ಮಮ್ಮನೂ ಹಾಗೇ ಇದ್ಲು, ಕಾಯಂ ಮಾಡಿದ ಮೇಲೂ ಹಾಗೇ ಇರ್ತೀನಿ. ಹೇಗಿದೆ?”

ದೊಡ್ಡ ಸಿಸ್ಟರ್ ಕೂರಲಿಲ್ಲ. “ನಾನು ಹೇಳಿದ ಅರ್ಥ ಸುಳ್ಳು.”

“ಯಾವ ಅರ್ಥ?”

“ದೊಡ್ಡೋರು ಚಿಕ್ಕೋರು ನೋಡದೆ ಎದುರು ಮಾತಾಡೋಳು, ಸೊಕ್ಕಿನೋಳು ಅಂತ ಅದರ ಅರ್ಥ. ಒಳಗೆ ಹಾಗೆ ಹೇಳಿದ್ರೆ ಕೆಲಸ ಹೋಗುತ್ತೆ.”

ಆಯಾ ಸ್ವಲ್ಪ ಹೊತ್ತು ಗೋಡೆಯ ಗಡಿಯಾರ ನೋಡಿದಳು. “ಮೇಷ್ಟ್ರಿಗೆ ಅಂದುಬಿಟ್ನಲ್ಲ,” ಎಂದಳು. ಆಮೇಲೆ, ಇನ್ನೂ ಮೆಲ್ಲಗೆ, “ಮಗಳಿಗೂ ಹೇಳಿದೆ ಅಕ್ಕ. ಓದಿ ನನ್ನ ಹಾಗೆ ಇನ್ಸೊಲೆಂಟ್ ಆಗು ಅಂತ. ನಿನ್ನೆ ಅದನ್ನ ನೋಟ್‌ಬುಕ್ಕಿನ ಮೇಲೆ ಬಣ್ಣದಲ್ಲಿ ಬರ್ಕೊಂಡಿದ್ದಾಳೆ.”

ಆಯಾ ಪತ್ರ ಬಿಡಿಸಿ ಆ ಪದವನ್ನು ತೋರಿಸಿದಳು.

“ಬರೆದೋರು ಯಾರು?”

“ನಾನೇ.”

ಬಾಗಿಲು ತೆರೆಯಿತು. ಗುಮಾಸ್ತ ಆಯಾಳನ್ನು ಕರೆದ. ದೊಡ್ಡ ಸಿಸ್ಟರ್ ಅವಳಿಗಿಂತ ಮೊದಲು ಒಳಗೆ ಹೋದರು.

ದೊಡ್ಡ ಸಿಸ್ಟರ್ ಹೇಳಿದ್ದನ್ನೆಲ್ಲ ಕೇಳಿ ಆಡಳಿತಾಧಿಕಾರಿ ಕನ್ನಡಕ ತೆಗೆದರು. “ಅಂದ್ರೆ, ಇಲ್ಲದ್ದನ್ನ ಬರೆದ್ರಿ?”

“ಹೌದು ಸಾರ್. ರೋಗಿಗೋಸ್ಕರ ಇವಳು ಹೇಳಿದ್ದು ನಿಜ. ನಾಲ್ಕು ಜನರ ಮುಂದೆ ಹೇಳಿದ್ಲು ಅಂತ ನನಗೆ ಉರೀತು.”

“ಬರವಣಿಗೇಲಿ ಕೊಡಿ. ನಿಮ್ಮ ಫೈಲಿಗೆ ಹೋಗುತ್ತೆ, ಗೊತ್ತಲ್ಲ?”

ಅಲ್ಲೇ ನಿಂತು ಬರೆದು ಸಹಿ ಹಾಕಿದರು. ಆಯಾ ಎರಡೂ ಕೈ ಮುಂದೆ ಕಟ್ಟಿಕೊಂಡು, ಸಹಿ ಹಾಕುವ ಕೈಯನ್ನು ನೋಡುತ್ತ ನಿಂತಿದ್ದಳು.

ಹದಿನೈದು ದಿನದಲ್ಲಿ ಕಾಯಂ ಆದೇಶ ಬಂತು. ಆಯಾ ವಾರ್ಡಿಗೆಲ್ಲ ಸಿಹಿ ಹಂಚಿದಳು, ದೊಡ್ಡ ಸಿಸ್ಟರ್‌ಗೂ ಕೊಟ್ಟಳು. “ತಗೊಳ್ಳಿ ಮೇಡಂ.” ಕೆಲಸದಲ್ಲಿ ಎಳ್ಳಷ್ಟೂ ಕೊರತೆಯಿರಲಿಲ್ಲ. ಹೇಳಿದ್ದನ್ನು ಮಾಡುತ್ತಿದ್ದಳು, ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದಳು. ದೊಡ್ಡ ಸಿಸ್ಟರ್ ಎಲ್ಲಿಗೆ ಬಂದರೂ ಎದ್ದು ನಿಲ್ಲುತ್ತಿದ್ದಳು.

“ಕೂತ್ಕೋ,” ಎಂದರೆ, “ಪರವಾಗಿಲ್ಲ ಮೇಡಂ.”

ಒಂದು ಮಧ್ಯಾಹ್ನ ದೊಡ್ಡ ಸಿಸ್ಟರ್ ಹಾಸಿಗೆ ಬಟ್ಟೆ ಜೋಡಿಸಿಡುವ ಕೋಣೆಗೆ ಹೊರಟಿದ್ದರು. ಒಳಗಿನಿಂದ ಆಯಾಳ ದನಿ ಬರುತ್ತಿತ್ತು. ಲಿಫ್ಟಿನವನ ಹೊಸ ಮೀಸೆಯ ಬಗ್ಗೆ ಏನೋ ಕಥೆ. ಇನ್ನಿಬ್ಬರು ಆಯಾಗಳು ಉಸಿರು ಕಟ್ಟುವಂತೆ ನಗುತ್ತಿದ್ದರು. ದೊಡ್ಡ ಸಿಸ್ಟರ್‌ಗೆ ಬೇಕಾಗಿದ್ದದ್ದು ಎರಡು ಬೆಡ್‌ಶೀಟು. ಬಾಗಿಲಿನ ಹಿಡಿಗೆ ಚಾಚಿದ ಕೈಯನ್ನು ಹಿಂದೆಗೆದುಕೊಂಡು, ಸದ್ದಾಗದ ಹಾಗೆ ಗೋಡೆಗೆ ಒರಗಿ, ಕಥೆ ಮುಗಿಯುವವರೆಗೆ ಅಲ್ಲಿಯೇ ನಿಂತರು.