ಮೇಲರ್ಧ ಖಾಲಿ ಇದ್ದ ಹಾಳೆ

“ಕೆಸರುಕಾಲಲ್ಲೇ ಒಳಗೆ ನುಗ್ತೀರೇನ್ರೇ, ಎಮ್ಮೆ ಮುಂಡೇವಾ? ಏ ಕಸದೋಳೇ, ನಿನ್ನ ದಂಡು ತಾನೆ ಇದು? ಗೋಡೆ ಪಕ್ಕ ನಿಲ್ಲಿಸು.”

ಗುಮಾಸ್ತ ಹೀಗೆ ಬೈದದ್ದು ಪಂಚಾಯಿತಿ ಕಚೇರಿಯ ಕಸ ಗುಡಿಸುವ ನನಗೆ, ನಮ್ಮ ಓಣಿಯ ಹೆಂಗಸರಿಗೆ. ಅವರು ಬೆಳಗಿನಿಂದ ಕೆರೆಯ ಹೂಳು ಹೊತ್ತು, ಸಭೆಗೆ ಹೊತ್ತಾಯಿತೆಂದು ಪುಟ್ಟಿ ಅಲ್ಲೇ ಬಿಟ್ಟು ಓಡಿ ಬಂದಿದ್ದರು. ಪ್ರತಿ ಬೇಸಿಗೆ ಹೂಳು ತೆಗೆಯುವವರು ಅವರೇ. ದಂಡೆಗೆ ಹುಲ್ಲು ನೆಟ್ಟವರೂ ಅವರೇ; ಓಣಿಯ ಆಡುಗಳು ಬದುಕಿದ್ದೇ ಆ ಹುಲ್ಲಿನಿಂದ. ಈಗ ಆ ಜಾಗ ಊರ ಧಣಿಯ ಗೋದಾಮಿಗೆ ಬೇಕಿತ್ತು. ಕೊಡುವ ಮೊದಲು ಜನರನ್ನು ಕೇಳಬೇಕೆಂಬುದು ಕಾನೂನು. ಅದಕ್ಕೇ ಸಭೆ.

ಕುರ್ಚಿಗಳ ತುಂಬ ಧಣಿ ಮತ್ತು ಅವನ ಕಡೆಯವರು. ನಮಗೆ ಗೋಡೆ.

ಅಧಿಕಾರಿ ಒಂದು ಹಾಳೆ ಎತ್ತಿ ಓದಿದರು. “ಕೆರೆ ಪಾಳು ಬಿದ್ದಿದೆ. ನಾವ್ಯಾರೂ ಬಳಸುತ್ತಿಲ್ಲ. ಗೋದಾಮಿಗೆ ಕೊಡಲು ನಮ್ಮ ಪೂರ್ಣ ಒಪ್ಪಿಗೆ ಇದೆ. ಕೆಳಗೆ ಓಣಿಯ ಹೆಂಗಸರ ರುಜು.”

ಮೊದಲ ರುಜು ನನ್ನನ್ನು ಸಾಕಿದ ಚಿಕ್ಕಮ್ಮನದು. ಮೊಣಕಾಲತನಕ ಹೂಳು ಮೆತ್ತಿಕೊಂಡು ನಿಂತಿದ್ದವಳು ನಿಧಾನವಾಗಿ ನನ್ನ ಕಡೆ ತಿರುಗಿದಳು.

ಹಾಕಿಸಿಕೊಂಡು ಬಂದವಳು ನಾನು. ಹೋದ ವಾರ ಗುಮಾಸ್ತ ನನ್ನನ್ನು ಕರೆದು ಕೂರಿಸಿ, “ನೀವು ಓದ್ದೋರು. ಸಭೆಗೆ ಯಾರ್ಯಾರು ಬರ್ತಾರೆ, ರುಜು ಹಾಕಿಸ್ಕೊಂಡು ಬನ್ನಿ. ಕುರ್ಚಿ ಹಾಕಿಸ್ಬೇಕಲ್ಲ,” ಎಂದಿದ್ದ. ಹನ್ನೊಂದು ವರ್ಷದಲ್ಲಿ ಮೊದಲ ಸಲ ‘ನೀವು’. ಆ ಒಂದು ಮಾತಿಗೆ ಉಬ್ಬಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಮನೆಮನೆ ತಿರುಗಿದೆ. ಹಾಳೆಯ ಮೇಲರ್ಧ ಖಾಲಿ ಇತ್ತು.

“ಮೇಲೆ ಏನೂ ಬರ್ದೇ ಇಲ್ವಲ್ಲೇ,” ಎಂದಿದ್ದಳು ಚಿಕ್ಕಮ್ಮ.

“ಆಫೀಸಿನ ವಿಷ್ಯ ನಿಂಗೇನು ಗೊತ್ತು? ನೀನು ಹೂಳು ಹೊರು ಹೋಗು.” ಹಾಗೆಂದೆ. ಹೂಳು ಹೊತ್ತೇ ನನ್ನನ್ನು ಏಳನೇ ಕ್ಲಾಸಿನವರೆಗೆ ಓದಿಸಿದವಳಿಗೆ.

“ನಿಮ್ದೇ ರುಜು ತಾನೆ?” ಅಧಿಕಾರಿ ಕೇಳಿದರು.

“ನಮ್ದೇ ಸ್ವಾಮಿ,” ಎಂದಳು ಚಿಕ್ಕಮ್ಮ. ಅಷ್ಟೇ. ಹಾಕಿಸಿದವಳು ಯಾರೆಂದು ಹೇಳಲಿಲ್ಲ. ನನ್ನ ಕೆಲಸ ಹೋದೀತೆಂದು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

“ಸಾರ್, ಅದು ಒಪ್ಪಿಗೆ ಅಲ್ಲ,” ಎಂದೆ. ಗೋಡೆ ಬಿಟ್ಟು ಅಧಿಕಾರಿಯ ಮೇಜಿನ ಹತ್ತಿರ ಹೋದೆ. ಇನ್ನೊಂದು ಸಲ ಹೇಳಿದೆ. “ಕುರ್ಚಿಗೆ ಅಂತ ಹೇಳಿ ಹಾಕಿಸ್ದೋಳು ನಾನು. ಆಗ ಮೇಲೆ ಒಂದಕ್ಷರ ಇರ್ಲಿಲ್ಲ.”

“ಮಹಾರಾಣಿಯರಿಗೆ ಕುರ್ಚಿ ಬೇಕಂತೆ ಕಣಪ್ಪಾ,” ಎಂದು ಧಣಿಯ ಭಾವಮೈದ ನಕ್ಕ.

ಗುಮಾಸ್ತ ಹತ್ತಿರ ಬಂದು ಹಲ್ಲು ಕಚ್ಚಿದ. “ಬಾಯ್ಮುಚ್ಚೇ ಬೇವರ್ಸಿ. ಮೋಸದ ಕೇಸಾಗುತ್ತೆ ನಿನ್ಮೇಲೆ. ಜೈಲು ಗುಡಿಸ್ಕೊಂಡು ಬಿದ್ದಿರ್ತೀಯ.”

“ಆಗ್ಲಿ. ಮೋಸ ಅಂತಾನೇ ಬರ್ಕೊಳಿ ಸಾರ್. ನಾನು ರುಜು ಹಾಕ್ತೀನಿ. ಆಮೇಲೆ ಆ ಹಾಳೆ ನಡಿಯಲ್ವಲ್ಲ?”

ಅಧಿಕಾರಿ ಗುಮಾಸ್ತನನ್ನು ನೋಡಿದರು, ಗುಮಾಸ್ತ ಧಣಿಯನ್ನು. ಬರೆಯಲೂ ಇಲ್ಲ, ಹೋಗು ಎನ್ನಲೂ ಇಲ್ಲ. ದಿನವೂ ನಾನೇ ಒರೆಸುವ ಮೇಜಿನ ಅಂಚು ಹಿಡಿದು ನಿಂತೇ ಇದ್ದೆ. ಗೋಡೆಯ ಕಡೆಯಿಂದ ಯಾರೋ ಬಂದು ನನ್ನ ಬೆನ್ನಿಗೆ ನಿಂತರು. ಚಿಕ್ಕಮ್ಮನೇ ಇರಬೇಕು. ತಿರುಗಿ ನೋಡಲು ನನಗೆ ಮುಖವಿರಲಿಲ್ಲ.