ಕೊಸರಿನ ಹಾಡು

ದೀನದಯಾಳನ್ ಯಾವುದನ್ನಾದರೂ ಖಾಲಿ ಬಿಟ್ಟದ್ದನ್ನು ತಿರುಪ್ಪೂರಿನ ನಮ್ಮ ಬೀದಿಯಲ್ಲಿ ಕಂಡವರಿಲ್ಲ. ಸಂತೆಯಿಂದ ಬರುವಾಗ ಚೀಲದ ಬಾಯಿಯ ಹತ್ತಿರ ಒಂದು ಗೇಣು ಜಾಗ ಉಳಿದಿದ್ದರೆ ಹಿಂದಿರುಗಿ ಹೋಗಿ ಒಂದು ಕಟ್ಟು ಸೊಪ್ಪು ತಂದು ತುರುಕುವರು. ಬಸ್ಸಿನಲ್ಲಿ ಪಕ್ಕದ ಸೀಟು ಬರಿದಾಗಿದ್ದರೆ ಮುಂದೆಲ್ಲೋ ಕಂಬಿ ಹಿಡಿದು ನಿಂತ ಅಪರಿಚಿತರನ್ನು ಕೈತಟ್ಟಿ ಕರೆದು ಕೂರಿಸುವ ತನಕ ಅವರಿಗೆ ನೆಮ್ಮದಿಯಿಲ್ಲ. ಸಿನಿಮಾ ಮುಗಿದು ದೀಪ ಹತ್ತಿ, ಜನವೆಲ್ಲ ಬಾಗಿಲ ಕಡೆ ನೂಕಾಡುವಾಗಲೂ ಅವರೊಬ್ಬರು ಎದ್ದು ನಿಂತು, ಪರದೆಯ ಮೇಲೆ ಇರುವೆ ಸಾಲಿನ ಹಾಗೆ ಮೇಲೇರುವ ಇಂಗ್ಲಿಷ್ ಅಕ್ಷರಗಳನ್ನು ಕೊನೆಯ ಸಾಲಿನವರೆಗೆ ನೋಡುತ್ತಿದ್ದರು. ಪೊರಕೆ ಹಿಡಿದು ಬಂದ ಹೆಂಗಸು ಗದರಿದರೆ ಅವರದು ಒಂದೇ ಮಾತು: "ಒಂದ್ ನಿಮಿಷ ಇರಮ್ಮ, ಇನ್ನಾ ಮುಗಿಲಿಲ್ಲ."

ಆ ಮಾತು ಅವರ ಬಾಯಲ್ಲಿ ಎಷ್ಟು ಬೇರೂರಿತ್ತೆಂದರೆ, ಉಂಡು ಕೈತೊಳೆದ ಮೇಲೂ, ಜಗಳ ಮುಗಿದು ಎದುರಾಳಿ ಮನೆಗೆ ಹೋದ ಮೇಲೂ, ಅವರು ಗೋಡೆಗೆ ಹೇಳುವಂತೆ "ಇನ್ನಾ ಮುಗಿಲಿಲ್ಲ" ಎನ್ನುವರು. ನಡಿಗೆಯೂ ಹಾಗೆಯೇ ಒಂದು ಬಗೆ. ಬಲಗಾಲನ್ನು ನೆಲಕ್ಕೆ ಊರುವಾಗ ಸ್ವಲ್ಪ ಒತ್ತಿ, ಎಡಗಾಲನ್ನು ಹಗುರಾಗಿ ತೇಲಿಸಿ, ಮತ್ತೆ ಬಲಗಾಲನ್ನು ಒತ್ತಿ ಬರುವ ಆ ಸದ್ದು ಕೇಳಿದರೆ ಬಾಗಿಲು ತೆರೆಯದೆಯೇ ಯಾರೆಂದು ಹೇಳಬಹುದಿತ್ತು. ಗುಂಡಿಮಗ್ಗದಲ್ಲಿ ಕಾಲಿಳಿಸಿ ಮೆಟ್ಟು ತುಳಿದು ಬೆಳೆದ ದೇಹದ ನಡಿಗೆ ಅದು. ಇನ್ನು ಅವರ ಕೋಟು. ತಿರುಪ್ಪೂರಿನ ಯಾವುದೋ ಕಂಪನಿಯಿಂದ ಪರದೇಶಕ್ಕೆ ಹೋಗಬೇಕಾಗಿದ್ದು, ಒಂದು ತೋಳು ಉದ್ದ ಒಂದು ತೋಳು ಗಿಡ್ಡವಾದ್ದರಿಂದ ತಳ್ಳಿಹಾಕಿದ ನೀಲಿ ಜೀನ್ಸ್ ಕೋಟು. ಚಿತ್ತಿರೈ ತಿಂಗಳ ಬಿಸಿಲಿನಲ್ಲೂ ಅದನ್ನು ತೊಟ್ಟು, ಉದ್ದನೆಯ ತೋಳನ್ನು ಎರಡು ಮಡಿಕೆ ಮಡಚಿ, ಅವರು ತಮ್ಮ ಅಂಗಡಿಯ ಮುಂದೆ ನಿಲ್ಲುತ್ತಿದ್ದರು.

ಅಂಗಡಿಯೆಂದರೆ ಮನೆಯ ಮುಂದಿನ ಕೋಣೆ. ಕ್ಯಾಸೆಟ್ಟಿಗೆ ಹಾಡು ತುಂಬಿಕೊಡುವ ಅಂಗಡಿ. ಹಿಂದಿನ ಕೋಣೆಯಲ್ಲಿ ಅವರ ಅಪ್ಪನ ಮಗ್ಗ. ಅಪ್ಪ ತಮ್ಮ ಊರು ನೆಗಮದಿಂದ ಮಗನ ಮನೆಗೆ ಬಂದಾಗ ಮಗ್ಗವನ್ನೂ ಬಿಚ್ಚಿ ಗಾಡಿಯಲ್ಲಿ ಹೇರಿಕೊಂಡು ಬಂದಿದ್ದರು. ನೆಲ ಅಗೆಸಿ ಗುಂಡಿ ತೋಡಿಸಿಕೊಂಡು ಸೀರೆ ನೇಯುತ್ತಿದ್ದರು. ನೇಕಾರರ ಮನೆಗಳಲ್ಲಿ ಒಂದು ಪದ್ಧತಿಯುಂಟು. ಸೀರೆ ಮುಗಿದು ಹಾಸಿನ ತುದಿಯಲ್ಲಿ ಮೊಳದಷ್ಟು ನೂಲು ಉಳಿದರೆ ಅದನ್ನು ಕತ್ತರಿಸಿ ಎಸೆಯುವುದಿಲ್ಲ; ಅದರಲ್ಲೇ ಒಂದು ಕೈವಸ್ತ್ರ ನೇಯ್ದು ಯಾರಿಗಾದರೂ ಕೊಡುತ್ತಾರೆ. ದೀನದಯಾಳನ್ ಕ್ಯಾಸೆಟ್ಟಿಗೂ ಅದೇ ಪದ್ಧತಿ ತಂದರು. ಗಿರಾಕಿ ಕೇಳಿದ ಹಾಡುಗಳೆಲ್ಲ ತುಂಬಿದ ಮೇಲೆ ಟೇಪಿನ ಕೊನೆಯಲ್ಲಿ ಮೂರೋ ನಾಲ್ಕೋ ನಿಮಿಷ ಉಳಿದರೆ ಅದಕ್ಕೆ ತಮ್ಮ ಕಡೆಯಿಂದ ಒಂದು ಹಾಡು ಹಾಕುವರು. ತರಕಾರಿಯವಳು ತೂಗಿದ ಮೇಲೆ ಒಂದು ಹಿಡಿ ಹೆಚ್ಚಿಗೆ ಹಾಕುವಂತೆ ಇದೂ ಕೊಸರು. ಏನು ಹಾಕಿದ್ದೇನೆಂದು ಹೇಳುತ್ತಿರಲಿಲ್ಲ. ಗಿರಾಕಿ ಮನೆಗೆ ಹೋಗಿ ಕೇಳಿ ತಿಳಿಯಬೇಕು.

ಎಲ್ಲ ಬಗೆಯ ಹಾಡುಗಳನ್ನೂ ತುಂಬಿಕೊಟ್ಟರೂ ಅವರ ಜೀವವಿದ್ದದ್ದು ಇಂಗ್ಲಿಷ್ ಪಿಕ್ಚರಿನ ರಾಕ್ ಹಾಡುಗಳಲ್ಲಿ. ಆ ಕಾಲಕ್ಕೆ ತಿರುಪ್ಪೂರಿನ ಬನಿಯನ್ನುಗಳ ಮೇಲೆ ಗಡ್ಡದವರು, ಜಡೆ ಬಿಟ್ಟವರು, ಗಿಟಾರ್ ಎತ್ತಿ ಹಿಡಿದವರು ಸಾವಿರಗಟ್ಟಲೆ ಅಚ್ಚಾಗಿ ಹಡಗು ಹತ್ತುತ್ತಿದ್ದರು. ಅವರು ಯಾರೆಂದು ಅಚ್ಚು ಹಾಕುವವರಿಗೂ ಗೊತ್ತಿಲ್ಲ, ನೂಲು ಕತ್ತರಿಸುವ ಹೆಂಗಸರಿಗೂ ಗೊತ್ತಿಲ್ಲ. ಯಾರಾದರೂ ಒಂದು ಬನಿಯನ್ನು ತಂದು ಈ ಗಡ್ಡದಪ್ಪ ಯಾವ ದೇವರು ಅಣ್ಣಾ ಎಂದು ಕೇಳಿದರೆ ದೀನದಯಾಳನ್ ಗಂಭೀರವಾಗಿ, "ಇವನಾ? ಲಾರಿ ಪಿಕ್ಚರಲ್ಲಿ ಮೂರನೇ ಪಾಟು," ಎಂದು ಪಿಕ್ಚರಿನ ಹಾಡಿನಿಂದಲೇ ಗುರುತು ಹೇಳುವರು. ಪರದೇಶದ ವ್ಯಾಪಾರಿಗಳು ಕಂಪನಿಯವರಿಗೆ ಕೊಟ್ಟುಹೋದ ರೆಕಾರ್ಡುಗಳನ್ನು ಬೇಡಿ ತಂದು, ಕೊಯಮತ್ತೂರಿನ ಟಾಕೀಸಿನಲ್ಲಿ ಒಂದೇ ಪಿಕ್ಚರನ್ನು ಮತ್ತೆ ಮತ್ತೆ ನೋಡಿ, ಹಾಡುಗಳು ಪರದೆಯ ಮೇಲೆ ಬಂದ ಅನುಕ್ರಮದಲ್ಲೇ ಜೋಡಿಸಿ, ಇಂಟರ್ವಲ್ ಬರುವಲ್ಲಿ ಸರಿಯಾಗಿ ಕ್ಯಾಸೆಟ್ಟಿನ ಒಂದು ಮಗ್ಗುಲು ಮುಗಿಯುವಂತೆ ತುಂಬುವರು. ಇಂಥ ಕಷ್ಟ ಯಾಕೆಂದು ನಾನು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ಇನ್ನೂ ನೆನಪಿದೆ. "ಒಂದೊಂದು ಪಾಟೂ ಒಂದೊಂದು ಮನೆದು ಅಕ್ಕಾ. ಒಬ್ಬರ ಮುಖ ಒಬ್ಬರು ಕಂಡಿಲ್ಲ. ಪಿಕ್ಚರ್‌ಗೆ ಬಂದಮೇಲೆ ಎಲ್ಲಾ ಒಂದೇ ಪಂದಲ್ ಕೆಳಗೆ ಕೂತ ನೆಂಟರು. ಆಮೇಲೆ ಒಂದು ಪಾಟು ಕೇಳಿದ್ರೆ ಪಕ್ಕದಲ್ಲಿ ಕೂತಿದ್ದೋರೂ ನೆನಪಾಗ್ತಾರೆ."

ಭಾಷೆ ತಿಳಿಯದ ಹಾಡಿಗೆ ಕಥೆಯೇ ಅರ್ಥ. ಯಾವ ಹಾಡು ಮಳೆಯಲ್ಲಿ ಬಂತು, ಯಾವುದು ಮನೆ ಬಿಟ್ಟು ಹೊರಟಾಗ ಬಂತು ಎಂದು ಗೊತ್ತಿದ್ದರೆ ಸಾಕು, ಪದಗಳ ಹಂಗಿಲ್ಲ. ಟಾಕೀಸಿನ ಕತ್ತಲೆ, ಪಕ್ಕದವರ ಕಡಲೆಕಾಯಿಯ ವಾಸನೆ, ಹೊರಗೆ ಬಂದಾಗ ಕಣ್ಣಿಗೆ ಕುಕ್ಕಿದ ಬೆಳಕು ಎಲ್ಲವೂ ಆ ಒಂದು ಕ್ಯಾಸೆಟ್ಟಿನೊಳಗೆ ಸುತ್ತಿಕೊಂಡು ಕೂತಿರುತ್ತಿದ್ದವು.

ಹೆಂಡತಿ ಶಿವಗಾಮಿಗೆ ಮಾತ್ರ ಇದೊಂದೂ ಸೇರದು. ಹಿಂದಿನ ಕೋಣೆಯಲ್ಲಿ ಮಾವನಿಗೆ ನೂಲಿನ ಕಂಡಿಕೆ ಸುತ್ತಿಕೊಡುತ್ತ ಕೂತು ಅಲ್ಲಿಂದಲೇ ಕೂಗುವಳು: "ಏನುಂಗ, ಆ ಹಾಡೋನಿಗೆ ಹೊಟ್ಟೆನೋವಾ? ಒಂದು ಲೋಟ ಜೀರಿಗೆ ನೀರು ಕೊಟ್ಟು ಕಳ್ಸಿ!" ದೀನದಯಾಳನ್ ಮುಂದಿನ ಕೋಣೆಯಿಂದ, "ಅದು ನೋವಲ್ಲ, ರಾಗ," ಎನ್ನುವರು. "ರಾಗ ಅಂದ್ರೆ ಮಾವನಾರ ಮಗ್ಗದ್ದು. ಇದು ಪಾತ್ರೆ ಬಿದ್ದ ಸದ್ದು." ನಡುವೆ ಮಗ್ಗ ಇಬ್ಬರಿಗೂ ತಾಳ ಹಾಕಿಕೊಂಡು ನಡೆದೇ ಇರುತ್ತಿತ್ತು.

ಕ್ಯಾಸೆಟ್ಟಿನ ಕಾಲ ಹೋಯಿತು, ಅಂಗಡಿ ಮುಚ್ಚಿತು. ಮುಂದಿನ ಕೋಣೆಯಲ್ಲಿ ಈಗ ಮಗಳು ಕೃತ್ತಿಕಾಳ ಹೊಲಿಗೆ ಯಂತ್ರಗಳಿವೆ. ಎಪ್ಪತ್ತು ದಾಟಿದ ಮೇಲೆ ದೀನದಯಾಳನ್‌ಗೆ ಕಿವಿ ಮಂದವಾಗತೊಡಗಿತು. ಮೊದಲು ಹಕ್ಕಿಗಳು ಹೋದವು, ಆಮೇಲೆ ಕುಕ್ಕರಿನ ಸೀಟಿ, ಆಮೇಲೆ ಹೆಂಗಸರ ಮೆಲುಮಾತು. ಉಳಿದದ್ದೂ ಮೆಲ್ಲಗೆ ಹೋಗುತ್ತದೆ, ಕಿವಿಗೆ ಯಂತ್ರ ಹಾಕಿಕೊಂಡರೆ ಮಾತು ಕೇಳಬಹುದು, ಸಂಗೀತ ಮಾತ್ರ ತಗಡು ಬಡಿದಂತಿರುತ್ತದೆ ಎಂದು ಡಾಕ್ಟರು ಹೇಳಿದರು. ಕೃತ್ತಿಕಾ ಫೋನಿನಲ್ಲಿ ಅವರ ಪಿಕ್ಚರುಗಳ ಹಾಡುಗಳನ್ನೆಲ್ಲ ಹುಡುಕಿ ತೆಗೆದು, "ಅಪ್ಪಾ, ಕಿವಿ ಇರೋವಾಗ್ಲೇ ಬೇಕಾದಷ್ಟು ಕೇಳ್ಕೊಳ್ಳಿ," ಎಂದು ಕೊಟ್ಟಳು. ಅವರು ಲಾರಿ ಪಿಕ್ಚರಿನ ಹಾಡುಗಳನ್ನು ಮೊದಲಿಂದ ಕೊನೆಯವರೆಗೆ ಫೋನನ್ನು ಕೆನ್ನೆಗೊತ್ತಿಕೊಂಡು ಕೇಳಿದರು. ಮುಗಿದ ಮೇಲೆ ಇನ್ನೂ ಒತ್ತಿಕೊಂಡೇ ಕೂತಿದ್ದರು.

"ಮುಗಿದೋಯ್ತಲ್ಲಪ್ಪಾ."

"ಇನ್ನಾ ಮುಗಿಲಿಲ್ಲ. ಕೊಸರು ಎಲ್ಲಿ?"

ಆಗ ಹೊರಬಂತು ಸಂಗತಿ. ಲಾರಿ ಪಿಕ್ಚರಿನ ಕ್ಯಾಸೆಟ್ಟನ್ನು ಅವರು ಒಬ್ಬರಿಗೆ ಮಾತ್ರ ತುಂಬಿಕೊಟ್ಟಿದ್ದರು: ಮಡತ್ತುಕುಳಂನ ತೆಂಗಿನ ತೋಟದ ಈಶ್ವರನ್‌ಗೆ. ಆ ಪಿಕ್ಚರಿನಲ್ಲಿ ಲಾರಿ ಓಡಿಸುವ ಅಪ್ಪನೊಬ್ಬ ಮನೆಬಿಟ್ಟು ಹೋದ ಮಗಳನ್ನು ಊರೂರು ಹುಡುಕುತ್ತಾನೆ. ಹಾಡುಗಳೆಲ್ಲ ತುಂಬಿದ ಮೇಲೆ ಟೇಪು ಸ್ವಲ್ಪ ಉಳಿಯಿತು; ಅಷ್ಟು ಜಾಗಕ್ಕೆ ಹೊಂದುವ ಹಾಡು ಸಿಗಲಿಲ್ಲ. ದೀನದಯಾಳನ್ ಮೈಕನ್ನು ತಂತಿಯುದ್ದಕ್ಕೂ ಎಳೆದು ಹಿಂದಿನ ಕೋಣೆಯ ಹೊಸ್ತಿಲ ಮೇಲಿಟ್ಟು ಟೇಪ್ ರೆಕಾರ್ಡರಿನ ಎರಡು ಗುಂಡಿಯನ್ನೂ ಒತ್ತುವ ಮೊದಲು ಅಪ್ಪ ಕೇಳಿದರು:

"ಯಾಕ್ಲಾ? ಮಗ್ಗದ ಸದ್ದ ಯಾರು ಕೇಳ್ತಾರೆ?"

"ಪಿಕ್ಚರ್ ಮುಗಿದ್ಮೇಲೆ ಜನ ಎದ್ದು ಹೋಗೋ ತಂಕ ಏನಾರ ಸದ್ದು ಬೇಕಪ್ಪಾ. ನೀ ನೇಯ್ತಾ ಇರು."

ಮರುವರ್ಷ ಅಪ್ಪನ ಮಂಡಿ ಹೋಯಿತು; ಮಗ್ಗವನ್ನು ಬಿಚ್ಚಿ ಕೊಟ್ಟರು, ಗುಂಡಿ ಮುಚ್ಚಿ ಸಿಮೆಂಟು ಹಾಕಿದರು. ಅದಾಗಿ ಕೆಲಕಾಲಕ್ಕೆ ಅಪ್ಪನೂ ಹೋದರು. ಕೊಸರಿನ ಪ್ರತಿ ಇಟ್ಟುಕೊಳ್ಳುವುದು ಅಂಗಡಿಯ ಪದ್ಧತಿಯಲ್ಲಿರಲಿಲ್ಲ. ಇಡೀ ಜಗತ್ತಿನ ಹಾಡು ಫೋನಿಗೆ ಬಂದಿತ್ತು. ಅವರಿಗೆ ಬೇಕಾದದ್ದು ಒಂದೇ ಒಂದು, ಅದು ಮಡತ್ತುಕುಳಂನಲ್ಲಿತ್ತು, ಇದ್ದರೆ. ಕಿವಿಗೆ ಕತ್ತಲೆ ಕವಿಯುವ ಮೊದಲು ಅದನ್ನೊಮ್ಮೆ ಕೇಳಬೇಕು.

"ಆವತ್ತು ಪಕ್ಕದ ಕೋಣೇಲೇ ಇತ್ತು. ಆಗ ಅದಕ್ಕೆ ಕಿವಿ ಮುಚ್ಕೊಂಡು ಬಿಳಿಯೋರ ಪಾಟು ಕೇಳ್ತಿದ್ರಿ," ಎಂದು ಶಿವಗಾಮಿ ಚುಚ್ಚಿದಳು. ಚುಚ್ಚಿದವಳೇ ಮರುದಿನ ಬೆಳಿಗ್ಗೆ ಪುಳಿಯೋಗರೆ ಕಟ್ಟಿಕೊಂಡು ಗಂಡನಿಗಿಂತ ಮೊದಲೇ ಬಾಗಿಲಲ್ಲಿ ನಿಂತಿದ್ದಳು.

ಪಲ್ಲಡಂ, ಉಡುಮಲೈ ದಾಟಿ ದೀನದಯಾಳನ್ ಹೆಂಡತಿಯೊಡನೆ ಬಸ್ಸಿಳಿದರು. ತೆಂಗಿನಕಾಯಿ ವ್ಯಾಪಾರಿಯೊಬ್ಬ ಕೊಟ್ಟ ಗುರುತು ಹಿಡಿದು, ಅಮರಾವತಿಯ ಕಾಲುವೆ ಬದುವಿನ ಮೇಲೆ ಆ ಒತ್ತು ನಡಿಗೆಯಲ್ಲಿ ನಡೆದು ತೋಟದ ಮನೆ ಸೇರಿದಾಗ, ಅಂಗಳದಲ್ಲಿ ಕಾಯಿ ಸುಲಿಸುತ್ತಿದ್ದ ನರೆತ ಮೀಸೆಯ ಈಶ್ವರನ್ ಮೊದಲು ಗುರುತಿಸಿದ್ದು ಕೋಟನ್ನು.

"ವಾಂಗ ವಾಂಗ! ದೀನಾ ಅಣ್ಣನ್ ತಾನೆ? ಇನ್ನಾ ಆ ತೋಳು ಬೆಳೀತಾನೇ ಇದೆಯಾ?"

ನೀರು, ಎಳನೀರು, ಕ್ಷೇಮಸಮಾಚಾರ ಎಲ್ಲ ಆಯಿತು. ದೀನದಯಾಳನ್ ಬಾಯಿ ತೆರೆಯುವ ಮೊದಲೇ ಈಶ್ವರನ್ ಅವರ ಕಿವಿಯ ಹತ್ತಿರ ಬಾಗಿ ಗಟ್ಟಿಯಾಗಿ ಕೇಳಿದ: "ಅಣ್ಣಾ, ಆವತ್ತಿಂದ ಒಂದು ಕೇಳ್ಬೇಕು ಅಂತಿದ್ದೆ. ಲಾರಿ ಪಿಕ್ಚರ್ ಕಡೇಲಿ ಪಾಟೇ ಇಲ್ದೆ ಬರೀ ಡ್ರಮ್ ಹೊಡೀತಾನಲ್ಲ, ಅವ ಯಾರು? ಬಾಕಿ ಪಾಟೆಲ್ಲ ಒಂದು ತೂಕ, ಅದೊಂದೇ ಒಂದು ತೂಕ."

ಶಿವಗಾಮಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ದೀನದಯಾಳನ್ ಎಳನೀರನ್ನು ಪಕ್ಕಕ್ಕಿಟ್ಟರು.

"ಅವರು ನೆಗಮದವರು."

"ಏನಣ್ಣಾ, ತಮಾಷೆನಾ!"

"ನಮ್ಮಪ್ಪ."

ಈಶ್ವರನ್ ಶಿವಗಾಮಿಯ ಮುಖ ನೋಡಿದ. "ನಿಜಾನೇ ತಂಬಿ," ಎಂದಳು ಅವಳು. "ನಮ್ಮ ಮಾವನಾರು. ಅದು ಡ್ರಮ್ಮಲ್ಲ, ಮಗ್ಗ. ಆ ಸೀರೆಗೆ ಕಂಡಿಕೆ ಸುತ್ತಿದ್ದು ನಾನು."

ಈಶ್ವರನ್ ಆ ಪಿಕ್ಚರನ್ನು ನೋಡಿಯೇ ಇರಲಿಲ್ಲ. ದೀನದಯಾಳನ್ ಅಂಗಡಿಯಲ್ಲಿ ಹೇಳಿದ ಅರ್ಧ ಕಥೆ ಮತ್ತು ಈ ಕ್ಯಾಸೆಟ್ಟು, ಇವೆರಡರಿಂದಲೇ ಮನಸ್ಸಿನೊಳಗೆ ಪಿಕ್ಚರನ್ನು ಕಟ್ಟಿಕೊಂಡಿದ್ದ. "ಅಪ್ಪ ಕಡೇಲಿ ಮಗಳ್ನ ಕಂಡು, ಲಾರಿಗೆ ಹತ್ತಿಸ್ಕೊಂಡು, ತಿರುಗಿಸಿ ಊರಿಗೆ ಹೊರಡ್ತಾನೆ, ಆ ಚಕ್ರದ ಸದ್ದು ಅದು ಅಂತಿದ್ದೆ. ಕಾಯಿ ಸುಲಿಯೋರಿಗೆಲ್ಲ ಹಂಗೇ ಹೇಳಿದೀನಿ. ದಿನಾ ಸಂಜೆ ಕ್ಯಾಸೆಟ್ ಹಾಕ್ತೀನಿ, ಅದು ಬಂದ್ರೆ ಇಲ್ಲಿ ಕೆಲಸ ಬಿಡೋ ಹೊತ್ತು."

ನಿಜವಾದ ಪಿಕ್ಚರಿನಲ್ಲಿ ಮಗಳು ಸಿಗುವುದಿಲ್ಲ. ಅಕ್ಷರಗಳು ಮೇಲೇರುವವರೆಗೂ ಸಿಗುವುದಿಲ್ಲ; ನಿಂತು ನೋಡಿದ ದೀನದಯಾಳನ್‌ಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು? ಆದರೆ ಅವರು ಅದನ್ನು ಹೇಳಲಿಲ್ಲ.

ಈಶ್ವರನ್ ಒಳಗಿನಿಂದ ಹಳೆಯ ಟೇಪ್ ರೆಕಾರ್ಡರನ್ನು ತಂದು ಕಲ್ಲುಬೆಂಚಿನ ಮೇಲಿಟ್ಟು ಆ ಕೊನೆಯ ತುಂಡಿಗೆ ಓಡಿಸಹೋದ. ದೀನದಯಾಳನ್ ಕೈ ಹಿಡಿದು ತಡೆದರು. "ಅದೊಂದೇ ಬೇಡ. ಇಂಟರ್ವಲ್ ಆದ್ಮೇಲಿಂದ ಹಾಕು. ಮುಂಚಿನ ಪಾಟಿನೋರು ಇಲ್ದೆ ಅಪ್ಪ ಒಬ್ಬರೇ ಹೆಂಗೆ ಬರ್ತಾರೆ?"

ಹಾಗೆ ಆ ಮಧ್ಯಾಹ್ನ ತೆಂಗಿನ ನೆರಳಿನಲ್ಲಿ ಗಿಟಾರಿನವರು, ಗಡ್ಡದವರು, ಗಂಟಲು ಒಡೆದವರು ಒಬ್ಬೊಬ್ಬರಾಗಿ ಬಂದು ಹೋದರು. ಟೇಪು ಸವೆದು ಸ್ವರ ನೀರಿನಡಿಯಿಂದ ಬಂದಂತಿತ್ತು. ದೀನದಯಾಳನ್ ಬೆಂಚಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಸ್ಪೀಕರಿನ ಮೇಲೆ ಅಂಗೈ ಇಟ್ಟಿದ್ದರು. ಕೊನೆಯ ಹಾಡು ಅಡಗಿತು. ಒಂದು ಗುಂಡಿ ಒತ್ತಿದ ಸದ್ದು. ಆಮೇಲೆ ಮಗ್ಗ.

ಅವರ ಮುಖ ಅರಳಿ, ಮತ್ತೆ ಬಾಡಿತು. "ಎಳೆ ಬಡಿಯೋ ಹಲಗೆ ಕೇಳ್ತಿದೆ," ಎಂದರು. "ಧಪ್ ಅನ್ನೋದು ಕೈಗೆ ಬರ್ತಿದೆ. ಲಾಳಿ ಕೇಳಲಿಲ್ಲ. ಶಿವಗಾಮಿ, ಲಾಳಿ ಓಡ್ತಿದೆಯಾ?"

ಲಾಳಿಯ ಸದ್ದು ಸಣ್ಣದು, ಚುರುಕು. ಹಕ್ಕಿಗಳ ಜೊತೆಯಲ್ಲೇ ಅದು ಅವರ ಕಿವಿ ಬಿಟ್ಟು ಹೋಗಿತ್ತು. ಶಿವಗಾಮಿ ಪಕ್ಕದಲ್ಲಿ ಕೂತು, ಗಂಡನ ಇನ್ನೊಂದು ಕೈಯನ್ನು ಮಡಿಲಿಗೆಳೆದುಕೊಂಡು, ಲಾಳಿ ಓಡಿದಾಗಲೆಲ್ಲ ಮಣಿಕಟ್ಟಿನ ಮೇಲೆ ಉಗುರಿನಿಂದ ತಟ್ಟತೊಡಗಿದಳು. ಒಂದು ಕೈಗೆ ಹಲಗೆ, ಒಂದು ಕೈಗೆ ಲಾಳಿ. ಅವರ ಬಲಗಾಲು ತಾನಾಗಿ ಅಂಗಳದ ಮಣ್ಣನ್ನು ಒತ್ತಿತು, ಬಿಟ್ಟಿತು, ಒತ್ತಿತು.

ನಡುವೆ ಒಮ್ಮೆ ಎಲ್ಲ ನಿಂತುಹೋಯಿತು. ಶಿವಗಾಮಿಯ ಉಗುರೂ ನಿಂತಿತು. ಟೇಪು ತುಂಬಿದ ಆವತ್ತು ಮಗ್ಗದಲ್ಲಿ ಎಳೆ ಹರಿದಿತ್ತು. ಮಾವ ಬಾಗಿ ಗಂಟು ಹಾಕುತ್ತಿದ್ದರು. ಅವಳ ಹೆಬ್ಬೆರಳೂ ತೋರುಬೆರಳೂ ಗಂಡನ ಕೈಮೇಲೆಯೇ ಇಲ್ಲದ ನೂಲೊಂದನ್ನು ಹೊಸೆದವು. ದೀನದಯಾಳನ್ ಮುಗಿಯಿತೆಂದು ಸ್ಪೀಕರಿನ ಮೇಲಿನ ಕೈ ತೆಗೆಯಹೋದಾಗ, ಈ ತುಂಡನ್ನು ಸಾವಿರ ಸಲ ಕೇಳಿದ ಈಶ್ವರನ್ ಆ ಕೈಯನ್ನು ಅಲ್ಲಿಯೇ ಒತ್ತಿ ಹಿಡಿದ.

"ಒಂದ್ ನಿಮಿಷ ಇರಿ ಅಣ್ಣಾ," ಎಂದ. "ಇನ್ನಾ ಮುಗಿಲಿಲ್ಲ."

ಮಗ್ಗ ಮತ್ತೆ ಶುರುವಾಯಿತು.

ಹೊರಡುವಾಗ ಈಶ್ವರನ್ ಕ್ಯಾಸೆಟ್ಟನ್ನು ಕೋಟಿನ ಜೇಬಿಗೆ ಹಾಕಲು ಬಂದರೆ ದೀನದಯಾಳನ್ ಒಪ್ಪಲಿಲ್ಲ. ಕೊಟ್ಟ ಕೊಸರನ್ನು ಯಾರಾದರೂ ವಾಪಸು ತರುತ್ತಾರೆಯೇ ಎಂದು ಬಸ್ಸಿನಲ್ಲಿ ಶಿವಗಾಮಿಗೆ ಗದರಿದರಂತೆ. ಇದನ್ನು ಹೇಳಿದವಳು ಅವಳೇ. ಈಗ ಅವರಿಗೆ ಹಲಗೆಯೂ ಕೇಳುವುದಿಲ್ಲ. ನಡಿಗೆ ಮಾತ್ರ ಹಾಗೆಯೇ ಇದೆ.

ಕೆಲವರಿರುತ್ತಾರೆ. ತಮ್ಮ ಕೆಲಸವೆಂದು ಯಾರೂ ಹೇಳದ ಕಡೆ, ತೂಗಿ ಮುಗಿದ ಮೇಲೆ, ಮಿಕ್ಕ ಜಾಗಕ್ಕೆ ಕೈಗೆ ಸಿಕ್ಕಿದ್ದನ್ನು ಹಾಕಿಕೊಟ್ಟು ಅಲ್ಲಿಯೇ ಮರೆತುಬಿಡುವವರು. ಅವರು ಹಾಕಿದ್ದು ಯಾವುದೋ ತೋಟದಲ್ಲಿ, ಅವರನ್ನು ನೆನೆಯದ ಜನರ ನಡುವೆ, ಕಥೆಯ ಭಾಗವೇ ಆಗಿ ಉಳಿದಿರುತ್ತದೆ. ಪಿಕ್ಚರು ಆಡಿದ ಎಲ್ಲಿಯೂ ಮನೆಗೆ ಬಾರದ ಮಗಳು ಅಲ್ಲೊಂದು ಕಡೆ ದಿನವೂ ಸಂಜೆ ಲಾರಿ ಹತ್ತಿ ಮನೆಗೆ ಬರುತ್ತಾಳೆ.